ಅಡವಿ ಗಂಟು

ನಮ್ಮ ಮನೆಯಲ್ಲಿ ಅಡಿಗೆ ಎರಡು ಥರ ಇತ್ತು. ಒಂದು ಕೂತು ಉಣ್ಣುವುದು, ಇನ್ನೊಂದು ನಡೆದು ಉಣ್ಣುವುದು. ಕೂತು ಉಣ್ಣುವುದನ್ನು ಅವ್ವ ಮಾಡುತ್ತಿದ್ದಳು: ಬಿಸಿ ರೊಟ್ಟಿ, ಬದನೆಕಾಯಿ, ಪುಂಡಿಪಲ್ಯ, ನುಚ್ಚು, ಮಜ್ಜಿಗೆ. ನಡೆದು ಉಣ್ಣುವುದು ಅತ್ತಿಯ ಕೆಲಸ. ಅತ್ತಿ ಎಂದರೆ ಅಪ್ಪನ ಅಕ್ಕ ನೀಲವ್ವ. ಗಂಡ ಸತ್ತ ಮೇಲೆ ತವರಿಗೆ ಬಂದವಳು, ಬಂದ ವಾರದಲ್ಲೇ ಅಡಿಗೆಮನೆಯ ಒಂದು ಮೂಲೆಯನ್ನು ತನ್ನದು ಮಾಡಿಕೊಂಡಳಂತೆ. ಮುಂಡರಗಿಯ ಆ ಮನೆಗೆ ಮಣ್ಣಿನ ಮಾಳಿಗೆ. ಹೊಸ್ತಿಲು ದಾಟಿದರೆ ಎಡಕ್ಕೆ ಎತ್ತು, ಬಲಕ್ಕೆ ಪಡಸಾಲೆ. ಅದನ್ನು ದಾಟಿದರೆ ಜೋಳದ ಚೀಲಗಳ ನಡುಮನೆ, ಅದರ ಹಿಂದೆ ಅಡಿಗೆಮನೆ. ಬೆಳಕು ಬರುವುದು ಮಾಳಿಗೆಯ ಕಿಂಡಿಯಿಂದ ಮಾತ್ರ. ಆ ಕಿಂಡಿಯ ಕೆಳಗೇ ಅತ್ತಿಯ ಮೂಲೆ. ಅಲ್ಲಿ ಖಡಕ ರೊಟ್ಟಿಯ ಬುಟ್ಟಿ, ಅಗಸಿ ಹಿಂಡಿಯ, ಅಂದರೆ ಅಗಸೆಬೀಜದ ಚಟ್ನಿಪುಡಿಯ ಗಡಿಗೆ, ಶೇಂಗಾ ಚಟ್ನಿಯ ಗಡಿಗೆ, ಹುರಿದ ಹಿಟ್ಟಿನ ಡಬ್ಬಿ. ಸಂತೆಗೆ ಹೋಗುವವರು, ದೂರದ ಹೊಲಕ್ಕೆ ಹೋಗುವವರು, ಗದಗಿಗೆ ಹತ್ತಿಯ ಬಂಡಿ ಹೊಡೆಯುವವರು, ಎಲ್ಲರ ಬುತ್ತಿಯೂ ಅಲ್ಲಿಂದ ಹೊರಡುತ್ತಿತ್ತು. ನಾವು ಮಕ್ಕಳು ಕೈ ಹಾಕಿದರೆ ಸೌಟಿನಿಂದ ಬಾರಿಸುತ್ತಿದ್ದಳು. ಮೆಲ್ಲಗೆ ಅಲ್ಲ, ಜೋರಾಗಿಯೇ.

ಅತ್ತಿ ಪ್ರೀತಿ ತೋರಿಸುವ ಹೆಂಗಸಲ್ಲ. ನನ್ನ ತಲೆ ಸವರಿದ್ದು ನೆನಪಿಲ್ಲ. ಸತ್ತ ಗಂಡನ ಹೆಸರೆತ್ತಿ ಅತ್ತದ್ದನ್ನೂ ನಾನು ನೋಡಿಲ್ಲ. ಆದರೆ ಮನೆಯಲ್ಲಿ ಯಾರು ಎಷ್ಟು ಉಂಡರು, ಉಂಡು ಎಷ್ಟು ಕೆಲಸ ಮಾಡಿದರು, ಯಾವುದನ್ನು ಉಂಡ ದಿನ ಯಾರು ಬೇಗ ಬೆವತರು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಬುತ್ತಿ ಒಯ್ದವರು ವಾಪಸು ಬಂದರೆ ಮೊದಲು ಅವರ ಬಟ್ಟೆಯ ಗಂಟನ್ನು ಬಿಚ್ಚಿ ಮೂಸುತ್ತಿದ್ದಳು. ಉಳಿದ ಚೂರನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲಿ ಉಂಡಿ, ಯಾವಾಗ ನೀರಡಿಸಿತು, ಹೊಟ್ಟೆ ಭಾರ ಆಯಿತೇ ಎಂದು ಕೇಳುತ್ತಿದ್ದಳು. ಅಪ್ಪನಿಗೆ ಸಿಟ್ಟು ಬರುತ್ತಿತ್ತು.

"ಅಕ್ಕಾ, ಊಟಾ ಮಾಡೇನಿ, ಕೋರ್ಟಿಗೆ ಹೋಗಿ ಬಂದಿಲ್ಲ. ಬಿಡು ಇನ್ನ."

"ಹೇಳೂದು ಹೇಳು. ಮುಂದಿನ ಸಲ ಹಾದ್ಯಾಗ ಹೊಟ್ಟಿ ಹಿಡ್ಕೊಂಡು ಕುಂತಾಗ ನನ್ನ ಬೈಬ್ಯಾಡ."

ಅಪ್ಪ ಪ್ರತಿ ವರ್ಷ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದ. ಯುಗಾದಿಗೆ ಮಲ್ಲಯ್ಯನ ಗುಡಿ ಮುಟ್ಟಬೇಕು ಎಂದು ನಮ್ಮ ಕಡೆಯ ಊರೂರಿನಿಂದ ಕಂಬಿ ಹೊರಡುತ್ತವೆ. ಕಂಬಿ ಎಂದರೆ ಹೆಗಲ ಮೇಲೆ ಹೊರುವ ದೇವರ ಕೋಲು. ಅದರ ಹಿಂದೆ ನಡೆಯುವ ಗುಂಪಿಗೂ ಅದೇ ಹೆಸರು. ನಮ್ಮ ಓಣಿಯ ಕಂಬಿಯನ್ನು ಬಸಯ್ಯಜ್ಜ ಹೊರುತ್ತಿದ್ದ. ಎತ್ತರದ ಆಳು, ದೊಡ್ಡ ಮೀಸೆ, ಸಣ್ಣ ಮಾತು. ಹಾದಿಯ ಊರುಗಳಲ್ಲಿ ಭಕ್ತರು ಕರೆದು ಉಣ್ಣಿಸುತ್ತಾರೆ, ಆ ಭಾಗದಲ್ಲಿ ಬುತ್ತಿಯ ಚಿಂತೆ ಇಲ್ಲ. ಚಿಂತೆ ಇರುವುದು ಕೊನೆಯಲ್ಲಿ. ಊರು ಮುಗಿದು ಅಡವಿ ಶುರುವಾದ ಮೇಲೆ ಗುಡ್ಡ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಅಲ್ಲಿ ಮನೆಯಿಲ್ಲ, ಒಲೆಯಿಲ್ಲ, ನೀರು ಸಿಕ್ಕರೆ ಸಿಕ್ಕಿತು. ಅದಕ್ಕಾಗಿ ಪ್ರತಿಯೊಬ್ಬನೂ ಮನೆಯಿಂದಲೇ ಒಂದು ಬೇರೆ ಗಂಟು ಕಟ್ಟಿಕೊಂಡು ಹೋಗಬೇಕು. ಅದನ್ನು ಅಡವಿ ಗಂಟು ಎನ್ನುತ್ತಿದ್ದರು. ಅಡವಿ ಬರುವ ತನಕ ಅದನ್ನು ಬಿಚ್ಚಬಾರದು. ಇನ್ನೊಂದು ಕಟ್ಟಳೆಯೂ ಇತ್ತು. ಹೊರಟ ದಿನ ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯನ್ನು ದಾಟುವಾಗ ಎಲ್ಲರ ಅಡವಿ ಗಂಟನ್ನೂ ದಂಡೆಯ ಬಂಡೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಬಸಯ್ಯಜ್ಜ ಅವುಗಳ ಮೇಲೆ ಹೊಳೆಯ ನೀರು ಹಾಕಿ ವಿಭೂತಿ ಹಚ್ಚುತ್ತಿದ್ದ. ಗಂಗವ್ವ ಹರಸಿದ ಬುತ್ತಿ ಕೆಡುವುದಿಲ್ಲ ಎಂದು ನಂಬಿಕೆ.

ಆದರೆ ಅಪ್ಪ ವಾಪಸು ತರುತ್ತಿದ್ದ ಚೂರುಗಳಲ್ಲಿ ಬೂಷ್ಟು ಇರುತ್ತಿತ್ತು. ಅತ್ತಿ ಅದನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು.

"ಹೊಳಿ ನೀರು ಹೊಡ್ಯೂದರಿಂದ ಇದು. ಬಟ್ಟಿ ಹಸಿ ಆತಂದ್ರ ಒಳಗ ರೊಟ್ಟಿ ಬೆವರ್ತಾವು."

"ಗಂಗಿ ನೀರಿಗೆ ಬೂಷ್ಟು ಬರತೈತಂತ" ಎಂದು ಅಪ್ಪ ನಕ್ಕುಬಿಡುತ್ತಿದ್ದ. "ಕಡೀ ಊರಾಗ ದಾಸೋಹದ ಮನಿಯವರು ಕೈತುಂಬ ಕಟ್ಟಿ ಕಳಸ್ತಾರ. ಗಂಟು ಕೆಟ್ರ ಕೆಟ್ತು."

ಹೀಗಾಗಿ ಗಂಡಸರ ಅಡವಿ ಗಂಟು ಹೆಸರಿಗೆ ಮಾತ್ರ ಇತ್ತು. ಹೊತ್ತು ಒಯ್ಯುತ್ತಿದ್ದರು, ಅಡವಿಯಲ್ಲಿ ಮಂಗಗಳಿಗೆ ಹಾಕಿ ಬರುತ್ತಿದ್ದರು.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಮನೆಗೆಲಸಕ್ಕೆ ನಿಂತ ವರ್ಷ ಆಯಿಗೆ ದೊಡ್ಡ ಜ್ವರ ಬಂತು. ಆಯಿ ನಮ್ಮಪ್ಪನ ಅವ್ವ, ಮನೆಯ ಬೀಗದ ಕೈ ಸೊಂಟದಲ್ಲಿ ಇಟ್ಟುಕೊಂಡವಳು. ಬದುಕುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಜ್ವರದಲ್ಲೇ ಅವಳು ಮಲ್ಲಯ್ಯನಿಗೆ ಹರಕೆ ಹೊತ್ತಳು: ಎದ್ದು ಕೂತರೆ ಬರುವ ಯುಗಾದಿಗೆ ನಮ್ಮ ಮನೆಯ ಒಂದು ಜೀವ ನಡೆದು ನಿನ್ನ ಗುಡಿಗೆ ಬರುತ್ತದೆ ಎಂದು. ಎದ್ದು ಕೂತಳು. ಹರಕೆ ತೀರಿಸುವುದು ಅಪ್ಪನಿಗೆ ಏನೂ ಕಷ್ಟವಿರಲಿಲ್ಲ, ಹೇಗೂ ಹೋಗುವವನೇ. ಆದರೆ ಶಿವರಾತ್ರಿಯ ಹೊತ್ತಿಗೆ ಬಂಡಿಯ ಗಾಲಿ ಅವನ ಪಾದದ ಮೇಲೆ ಹಾಯ್ದು ಎಲುಬು ಮುರಿಯಿತು. ಉಳಿದವನು ಕಾಕಾ, ಅಪ್ಪನ ತಮ್ಮ. ಅವನು ಆಗ ಮನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಕನ್ನಡ ಮಾತಾಡುವವರೆಲ್ಲ ಒಂದೇ ರಾಜ್ಯವಾಗಬೇಕು ಎಂದು ಹುಬ್ಬಳ್ಳಿ, ಧಾರವಾಡ, ಗದಗ ಎಂದು ಸಭೆಗಳಿಗೆ ತಿರುಗುತ್ತಿದ್ದ. ನಮಗೆ ಮುಂಬೈ ಸರ್ಕಾರ, ಹೊಳೆಯ ಆಚೆ ಬೇರೆ ಸರ್ಕಾರ, ಅವ್ವನ ತವರು ಶಿರಹಟ್ಟಿ ನಿನ್ನೆ ಮೊನ್ನೆಯ ತನಕ ರಾಜರ ಸಂಸ್ಥಾನ. ಹರಕೆಯ ಮಾತು ಎತ್ತಿದಾಗ ಅವನು, ಈ ಯುಗಾದಿಗೆ ಆಗುವುದಿಲ್ಲ, ಒಪ್ಪಿಕೊಂಡ ಕೆಲಸ ಬಿಟ್ಟು ಹೋಗಲಾರೆ ಎಂದು ಹೇಳಿ ಮರುದಿನವೇ ಊರು ಬಿಟ್ಟ. ಆಯಿ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಪಡಸಾಲೆಯಲ್ಲಿ ಕೂತಳು. ಆಗ ಅತ್ತಿ ಒಳಗಿನಿಂದ, ಹಿಟ್ಟು ಸೋಸುತ್ತಲೇ, ಮಾತಾಡಿದಳು.

"ನಾ ಹೋಗ್ತೇನಿ."

"ಏನಂದಿ?" ಎಂದಳು ಆಯಿ.

"ಮನಿ ಒಂದು ಜೀವ ಅಂತ ಬೇಡ್ಕೊಂಡಿ. ಗಂಡು ಜೀವ ಅಂದಿಲ್ಲ. ನಾ ಅಲ್ಲೇ ಕುಂತಿದ್ದೆ, ಕೇಳೇನಿ."

ಆ ರಾತ್ರಿ ಊಟದ ಹೊತ್ತಿಗೂ ಅದೇ ಮಾತು. ಗಂಡಸರ ಗುಂಪಿನಲ್ಲಿ ಗಂಡನಿಲ್ಲದ ಹೆಂಗಸು, ಜನ ಏನೆಂದಾರು ಎಂದು ಆಯಿ. ಹಾದಿಯಲ್ಲಿ ಕೂತುಬಿಟ್ಟರೆ ಯಾರು ಹೊತ್ತು ತರುತ್ತಾರೆ ಎಂದು ಅಪ್ಪ. ಅವ್ವ ಅತ್ತಿಯ ತಾಟಿಗೆ ಇನ್ನೊಂದು ಸೌಟು ಪಲ್ಯ ಹಾಕಿದಳು. ಅತ್ತಿ ಅದನ್ನೂ ಉಂಡು ಕೈ ತೊಳೆದಳು. ಮರುದಿನ ಬಸಯ್ಯಜ್ಜನನ್ನು ಕರೆಸಿದರು. ಅವನು ಮೀಸೆ ತಿರುವುತ್ತ ಅತ್ತಿಯನ್ನೇ ನೋಡಿ ಹೇಳಿದ.

"ತಂಗಿ, ನಡ್ಯೂದು ಯಾರಾದ್ರೂ ನಡೀತಾರ. ಹೊರೂದು ಕಠಿಣ ಐತಿ. ನಿನ್ನ ಗಂಟು ನೀನ ಹೊರಬೇಕು. ಹಾದ್ಯಾಗ ಯಾರೂ ಕೈ ಹಚ್ಚೂದಿಲ್ಲ. ಆಗೂದಿಲ್ಲ ಅಂತ ಕುಂತಿ ಅಂದ್ರ, ಸಿಕ್ಕ ಬಂಡ್ಯಾಗ ಹಾಕಿ ಕಳಸ್ತೇನಿ. ನಿಮ್ಮ ಹರಕಿನೂ ಅಲ್ಲಿಗೆ ಮುಗೀತು, ಹೆಣ್ಮಕ್ಕಳು ಕಂಬಿ ಹಿಂದ ಬರೂದೂ ಮುಗೀತು."

"ಆತು" ಎಂದಳು ಅತ್ತಿ.

ಅಂದಿನಿಂದ ಅವಳ ತಲೆಯಲ್ಲಿ ಒಂದೇ ಲೆಕ್ಕ. ಹೊರೆ ಹಗುರಾಗಬೇಕು, ಹೊಟ್ಟೆ ಗಟ್ಟಿಯಾಗಿರಬೇಕು. ಹಗುರು ಮಾಡುವುದು ಸುಲಭ, ಕಡಿಮೆ ಒಯ್ದರಾಯಿತು. ಹೊಟ್ಟೆ ತುಂಬಿಸುವುದೂ ಸುಲಭ, ಹೆಚ್ಚು ಒಯ್ದರಾಯಿತು. ಎರಡನ್ನೂ ಕೂಡಿಸುವುದು ಹೇಗೆ? ಖಡಕ ರೊಟ್ಟಿಯನ್ನು ಅವಳು ಮೊದಲ ದಿನವೇ ತೆಗೆದುಹಾಕಿದಳು. ಜಾಗ ತಿನ್ನುತ್ತದೆ, ಪುಡಿಯಾಗುತ್ತದೆ, ಒಣಗಿದ ಗಂಟಲಲ್ಲಿ ಇಳಿಯುವುದಿಲ್ಲ. ಉಳಿದದ್ದು ಅಳ್ಳಿಟ್ಟು. ಜೋಳವನ್ನು ಕಾದ ಬೋಗುಣಿಯಲ್ಲಿ ಹಾಕಿ ಅರಳಿಸಿ, ಆ ಅಳ್ಳನ್ನು ಬೀಸಿದರೆ ಬರುವ ಹಿಟ್ಟು. ಪಂಚಮಿಗೆ ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಅದಕ್ಕೆ ಒಲೆ ಬೇಡ. ತಣ್ಣೀರಲ್ಲಿ ಕಲೆಸಿದರೆ ಊಟ, ತೆಳ್ಳಗೆ ಮಾಡಿದರೆ ಕುಡಿಯುವುದು. ಆದರೆ ಬರೀ ಜೋಳದ ಅಳ್ಳಿಟ್ಟು ಎಷ್ಟು ಹೊತ್ತು ತಡೆಯುತ್ತದೆ, ಅದಕ್ಕೆ ಏನು ಸೇರಿಸಬೇಕು ಎಂದು ತಿಳಿಯಲು ಅವಳಿಗೆ ಒಂದು ಹೊಟ್ಟೆ ಬೇಕಾಗಿತ್ತು. ನನ್ನ ಹೊಟ್ಟೆ ಸಿಕ್ಕಿತು.

ದಿನಾ ಬೆಳಿಗ್ಗೆ ಆಳುಗಳ ಬುತ್ತಿಯನ್ನು ಹೊಲಕ್ಕೆ ಒಯ್ಯುವುದು ನನ್ನ ಕೆಲಸ. ಮನೆ ಬಿಟ್ಟರೆ ಹನುಮಪ್ಪನ ಗುಡಿ, ಆಮೇಲೆ ಹಳ್ಳ, ಆಮೇಲೆ ಬನ್ನಿಗಿಡ, ಆಮೇಲೆ ನಮ್ಮ ಹೊಲದ ಬದು. ಹೊರಡುವ ಮೊದಲು ಅತ್ತಿ ಒಂದು ಹಿಡಿ ಹಿಟ್ಟನ್ನು ನೀರಲ್ಲಿ ಕಲೆಸಿ ಕುಡಿಸುತ್ತಿದ್ದಳು, ಬೇರೆ ಏನೂ ಕೊಡುತ್ತಿರಲಿಲ್ಲ. ವಾಪಸು ಬಂದ ಕೂಡಲೇ ಹೊಸ್ತಿಲಲ್ಲೇ ತಡೆಯುತ್ತಿದ್ದಳು.

"ಎಲ್ಲಿ ಹಸಿವಾತು?"

"ಹಳ್ಳದ ಹತ್ರ."

"ಹೋಗೂ ಮುಂದನೋ, ಬರೂ ಮುಂದನೋ?"

"ಹೋಗೂ ಮುಂದ."

"ಥೂ, ಬರೀ ಗಾಳಿ ತಿಂದಂಗಾತು" ಎಂದು ತನ್ನ ಹಿಟ್ಟನ್ನೇ ಬೈದು ಒಳಗೆ ಹೋಗುತ್ತಿದ್ದಳು. ಮರುದಿನ ಪುಟಾಣಿ, ಅಂದರೆ ಹುರಿಗಡಲೆ, ಸೇರಿಸಿದಳು. ಹಸಿವು ಬನ್ನಿಗಿಡದ ತನಕ ಸರಿಯಿತು. ಹುರಿದ ಹೆಸರು ಸೇರಿಸಿದಳು, ಹೊಲ ಮುಟ್ಟಿತು. ಬೆಲ್ಲ ಹೆಚ್ಚು ಹಾಕಿದ ದಿನ ಗುಡಿಯ ತನಕ ಜಿಂಕೆಯಂತೆ ಓಡಿದೆ, ಹಳ್ಳದಲ್ಲಿ ಕಾಲು ಸೋತು ಕೂತುಬಿಟ್ಟೆ. ಬೆಲ್ಲ ಅರ್ಧಕ್ಕೆ ಇಳಿಯಿತು. ಶೇಂಗಾ ಹೆಚ್ಚು ಹಾಕಿದ ದಿನ ಎದೆ ಉರಿದು ಬನ್ನಿಗಿಡದ ಬುಡದಲ್ಲಿ ವಾಂತಿ ಮಾಡಿದೆ. ಅದಕ್ಕೆ ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ವಾಂತಿಯಲ್ಲಿ ಶೇಂಗಾ ತುಣುಕು ಕಂಡವೇ ಎಂದು ಕೇಳಿದಳು. ಕಂಡವು ಎಂದೆ. ಶೇಂಗಾ ಇನ್ನೂ ನುಣ್ಣಗೆ ಕುಟ್ಟಿದಳು. ಕೊನೆಗೆ ಒಂದು ದಿನ ನಾನು ಹೊಲಕ್ಕೆ ಹೋಗಿ, ಆಳುಗಳು ಉಂಡು, ಗಡಿಗೆ ತೊಳೆದುಕೊಂಡು ವಾಪಸು ಬಂದು ನಿಂತೆ.

"ಎಲ್ಲಿ ಹಸಿವಾತು?"

"ಇನ್ನೂ ಆಗಿಲ್ಲ."

ಅತ್ತಿ ನನ್ನ ಮುಖವನ್ನೇ ನೋಡಿದಳು, ಸುಳ್ಳು ಹೇಳುತ್ತಿದ್ದೇನೆಯೇ ಎಂದು. ಆಮೇಲೆ ಒಳಗೆ ಹೋಗಿ ಒಂದು ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ತಂದು ಕೊಟ್ಟಳು. ಆ ವರ್ಷ ಅವಳು ನನಗೆ ಕೊಟ್ಟ ಶಾಬಾಸಗಿರಿ ಅಷ್ಟೇ. ನನಗೆ ಅದು ಸಾಕಾಯಿತು. ನನ್ನ ಹಸಿವು ಎಲ್ಲಿ ಹುಟ್ಟುತ್ತದೆ, ಯಾಕೆ ಹುಟ್ಟುತ್ತದೆ ಎಂದು ನೋಡಿಕೊಳ್ಳುವುದನ್ನು ಅಲ್ಲಿ ಕಲಿತೆ. ಶಾಲೆಯಲ್ಲಿ ಕಲಿತದ್ದು ಮರೆತಿದೆ, ಇದು ಮರೆತಿಲ್ಲ.

ಆಯಿಗೆ ಇದೆಲ್ಲ ಸೇರಲಿಲ್ಲ. ಕಂಬಿಯವರು ಅಡವಿಯಲ್ಲಿ ಗಂಟು ಬಿಚ್ಚಿದಾಗ ಒಬ್ಬರ ಬುತ್ತಿ ಇನ್ನೊಬ್ಬರು ನೋಡುತ್ತಾರೆ. ನಮ್ಮ ಮನೆಯಿಂದ ಯಾವಾಗಲೂ ಕರ್ಚಿಕಾಯಿ, ತುಪ್ಪದ ಉಂಡಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಹೋಗುತ್ತಿದ್ದವು. ಈಗ ಬರೀ ಹಿಟ್ಟು ಹೋದರೆ ಈ ಮನೆ ಬಡವಾಯಿತು ಎಂದು ಊರು ಆಡಿಕೊಳ್ಳುತ್ತದೆ ಎಂಬುದು ಅವಳ ಸಂಕಟ.

"ನೀಲಿ, ನಾಕು ಕರ್ಚಿಕಾಯಿ ಕಟಗೊಳ್ಳ. ಮ್ಯಾಲ ಇಡು. ಮಂದಿ ನೋಡ್ಲಿ."

"ಮಂದಿ ನೋಡಾಕ ನಾ ಹೊರಬೇಕೇನು? ನೋಡೂ ಮಂದಿ ಬಂದು ಹೊರಲಿ."

"ಗಂಡ ಸತ್ತಾಗ ನಾಲಿಗಿನೂ ಸಾಯಬೇಕಿತ್ತು ನಿಂದು."

"ಅದು ನಿನ್ನ ಕಡಿಂದ ಬಂದದ್ದು ಯವ್ವಾ, ಅವನ ಕಡಿಂದ ಅಲ್ಲ."

ಆಯಿ ಅಂದಿನಿಂದ ಅತ್ತಿಯ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ನನ್ನ ಮೂಲಕ ಹೇಳಿಸುತ್ತಿದ್ದಳು, ಅತ್ತಿ ಎದುರಿಗೇ ಕೂತಿದ್ದರೂ. ಅತ್ತಿ ಒಂದು ವಿಷಯದಲ್ಲಿ ಮಾತ್ರ ಅವ್ವನ ಮಾತನ್ನೂ ಕೇಳಲಿಲ್ಲ. ಅಡವಿಯಲ್ಲಿ ಚಟ್ನಿ ತಿಂದ ಮೇಲೆ ನೀರಡಿಕೆ ತಡೆಯುವುದಿಲ್ಲ ಎಂದು ಅಪ್ಪ ಪ್ರತಿ ವರ್ಷ ಹೇಳುತ್ತಿದ್ದ, ಹಾಗಾಗಿ ಉಪ್ಪನ್ನೇ ತೆಗೆದುಬಿಟ್ಟಳು. ಹಿಟ್ಟಿಗೂ ಇಲ್ಲ, ಅಗಸಿ ಹಿಂಡಿಗೂ ಇಲ್ಲ.

"ಅಕ್ಕಾರ, ಉಪ್ಪಿಲ್ಲದ ಹಿಂಡಿ ದನಾನೂ ಮೂಸೂದಿಲ್ಲ. ಒಂದು ಹಳ್ಳು ಉಪ್ಪರೆ ಇಟಗೋರಿ" ಎಂದಳು ಅವ್ವ.

"ನಾಲಿಗಿಗೆ ಬೇಕು ಅದು, ಕಾಲಿಗಲ್ಲ" ಎಂದಳು ಅತ್ತಿ.

ಹೊರಡುವ ದಿನ ನಾನೂ ಅವ್ವನೂ ಕೊರ್ಲಹಳ್ಳಿಯ ತನಕ ಕಳಿಸಲು ಹೋದೆವು. ನಸುಕಿನಲ್ಲೇ ಬಿಟ್ಟು ಬಿಸಿಲೇರುವುದರೊಳಗೆ ಹೊಳೆ ಮುಟ್ಟಿದೆವು. ಬೇಸಿಗೆಯ ಹೊಳೆ, ಮೊಣಕಾಲು ಮುಟ್ಟುವಷ್ಟು ನೀರು, ಬಂಡೆಗಳೆಲ್ಲ ತಲೆ ಎತ್ತಿ ಕೂತಿದ್ದವು. ಗಂಡಸರು ತಮ್ಮ ಗಂಟುಗಳನ್ನು ತಂದು ಸಾಲಾಗಿ ಇಟ್ಟರು. ಒಂದೊಂದೂ ಎಳೆಗರುವಿನಷ್ಟು ದಪ್ಪ. ಅತ್ತಿಯದು ಬೆನ್ನಿಗೆ ಅಡ್ಡ ಕಟ್ಟಿದ ಉದ್ದನೆಯ ಚೀಲ, ಹಳೆಯ ಸೀರೆಯನ್ನು ಎರಡು ಪದರು ಮಾಡಿ ಹೊಲಿದದ್ದು. ಮಗುವನ್ನು ಕಟ್ಟಿಕೊಂಡಂತೆ ಕಾಣುತ್ತಿತ್ತು. ಬಸಯ್ಯಜ್ಜ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದ. ಅತ್ತಿ ತನ್ನ ಗಂಟನ್ನು ಬಿಚ್ಚಲೂ ಇಲ್ಲ, ಇಡಲೂ ಇಲ್ಲ.

"ನೀಲವ್ವಾ, ಗಂಟು ಇಡು."

"ಒಲ್ಲೆರಿ ಅಜ್ಜಾರ."

"ಒಲ್ಲೆ ಅಂದ್ರ?"

"ನನ್ನ ಮ್ಯಾಲ ಹಾಕ್ರಿ, ತಲಿಮ್ಯಾಲ ಕೊಡಾ ಸುರುವ್ರಿ. ಹಿಟ್ಟಿನ ಮ್ಯಾಲ ಬ್ಯಾಡ್ರಿ. ಗಂಗವ್ವಗ ನಾ ಕೈಮುಗಿದೇನಿ, ಹಿಟ್ಟು ಕೈಮುಗಿಯೂ ಕಾರಣಿಲ್ಲ."

ಯಾರೋ ಒಬ್ಬ, ಶುರುವಿಗೇ ಅಪಶಕುನ ಎಂದ. ಇನ್ನೊಬ್ಬ, ಇದಕ್ಕೇ ಹೆಂಗಸರು ಬೇಡ ಅನ್ನುವುದು ಎಂದ. ಅವ್ವ ನನ್ನ ಭುಜ ಹಿಡಿದು ಹತ್ತಿರ ಎಳೆದುಕೊಂಡಳು. ಬಸಯ್ಯಜ್ಜ ಅತ್ತಿಯನ್ನು ವಾಪಸು ಕಳಿಸಬಹುದಿತ್ತು. ಕಳಿಸುತ್ತಾನೆ ಎಂದೇ ನಾನು ತಿಳಿದೆ. ಅವನು ತಂಬಿಗೆಯ ನೀರನ್ನೆಲ್ಲ ಉಳಿದ ಗಂಟುಗಳ ಮೇಲೆ ಸುರಿದ. "ಅಕಿ ಗಂಟು ಅಕೀದು. ಕೆಟ್ರ ಅಕೀಗೆ ಗೊತ್ತಾಕ್ಕೈತಿ" ಎಂದು ಹೇಳಿ ಹೊಳೆಗೆ ಇಳಿದ. ಅತ್ತಿ ಸೀರೆ ಎತ್ತಿ ಕಟ್ಟಿ ಎಲ್ಲರ ಹಿಂದೆ ದಾಟಿದಳು. ಆಚೆ ದಂಡೆ ಏರಿದ ಮೇಲೆ ತಿರುಗಿ ಕೈ ಬೀಸುತ್ತಾಳೆ ಎಂದು ನಾನು ಕಾದೆ. ಬೀಸಲಿಲ್ಲ.

ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತ್ತು. ಆಯಿ ಕೇಳಿ ಗೋಡೆಗೆ ಮುಖ ಮಾಡಿ ಮಲಗಿದಳು. ಆಮೇಲಿನ ದಿನಗಳು ಮನೆಯಲ್ಲಿ ಬಹಳ ಕೆಟ್ಟವು. ಹೊರಗೆ ಬಂಡಿ ನಿಂತ ಸಪ್ಪಳವಾದರೆ ಅಪ್ಪ ಮುರಿದ ಕಾಲನ್ನು ಎಳೆದುಕೊಂಡು ಬಾಗಿಲಿಗೆ ಬರುತ್ತಿದ್ದ, ಅತ್ತಿಯನ್ನು ಹಾಕಿ ಕಳಿಸಿದರೇನೋ ಎಂದು. ಯುಗಾದಿಗೆ ಸ್ವಲ್ಪ ಮೊದಲು ಇನ್ನೊಂದು ಖಬರು ಬಂತು. ಅಡವಿಯ ಅಂಚಿನ ಊರುಗಳಲ್ಲಿ ವಾಂತಿಭೇದಿ ಎದ್ದಿದೆಯಂತೆ. ಆ ದಿನ ಆಯಿ ದೇವರ ಮುಂದೆ ಕೂತು ಏನೋ ಗೊಣಗುತ್ತಿದ್ದಳು. ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ಹರಕೆಯ ಮಾತಲ್ಲ ಅದು. ನನ್ನ ಹರಕಿ ನೀನ ಇಟಗೋ, ನನ್ನ ಮಗಳ್ನ ಕಳಸು ಎನ್ನುತ್ತಿದ್ದಳು.

ಕಂಬಿ ವಾಪಸು ಬಂದಾಗ ಜೋಳದ ಕಣಗಳೆಲ್ಲ ಮುಗಿದಿದ್ದವು. ಡೊಳ್ಳಿನ ಸಪ್ಪಳ ಕೇಳಿ ಓಣಿಯೆಲ್ಲ ಹೊರಗೆ ಬಂತು. ನಡೆದು ಬಂದವರ ಪಾದಕ್ಕೆ ನೀರು ಹಾಕುವುದು ನಮ್ಮಲ್ಲಿ ಪದ್ಧತಿ. ಅವ್ವ ಕೊಡ ಹಿಡಿದು ನಿಂತಳು. ಅತ್ತಿ ಸಾಲಿನ ನಡುವೆ ಬರುತ್ತಿದ್ದಳು. ಕರ್ರಗಾಗಿದ್ದಳು, ಗಲ್ಲದ ಎಲುಬು ಎದ್ದು ಕಾಣುತ್ತಿತ್ತು, ಸ್ವಲ್ಪ ಕುಂಟುತ್ತಿದ್ದಳು. ಅವಳ ಹಿಂದೆಯೇ ಬಸಯ್ಯಜ್ಜ. ಅವನು ತನ್ನ ಮನೆಗೆ ಹೋಗದೆ ನಮ್ಮ ಪಡಸಾಲೆಗೆ ಬಂದು ಕಂಬಳಿಯ ಮೇಲೆ ಕೂತ. ದೂರು ಹೇಳಲು ಬಂದಿದ್ದಾನೆ ಎಂದು ಎಲ್ಲರಿಗೂ ಅನಿಸಿತು. ಆಯಿ ಒಳಗೆ ಬಾಗಿಲ ಸಂದಿಯಲ್ಲಿ ನಿಂತಳು. ಬಸಯ್ಯಜ್ಜ ನೀರು ಕುಡಿದು, ಮೀಸೆ ಒರೆಸಿಕೊಂಡು, ಅಪ್ಪನಿಗೆ ಎಲ್ಲವನ್ನೂ ಹೇಳಿದ.

ಕೊನೆಯ ಊರಿನಲ್ಲಿ ಬೇನೆ ಇದ್ದದ್ದರಿಂದ ದಾಸೋಹದ ಮನೆಗೆ ಹೋಗಲಿಲ್ಲ. ಊರನ್ನು ಬಳಸಿಕೊಂಡು ನೇರ ಅಡವಿ ಹೊಕ್ಕರು. ಮೊದಲ ಗುಡ್ಡ ಹತ್ತಿ ಗಂಟು ಬಿಚ್ಚಿದರೆ ಎಲ್ಲರ ರೊಟ್ಟಿಗೂ ಹಸಿರು ಬೂಷ್ಟು. ಕರ್ಚಿಕಾಯಿಗೆ ಮುಗ್ಗಲು ವಾಸನೆ. ಹಸಿದ ಒಬ್ಬಿಬ್ಬರು ಅದನ್ನೇ ತಿಂದು ಹೊಟ್ಟೆ ಹಿಡಿದುಕೊಂಡು ಬಿದ್ದರು. ಅತ್ತಿಯ ಗಂಟಿನಲ್ಲಿ ಒಬ್ಬ ಹೆಂಗಸಿಗೆ ಅಡವಿ ದಾಟಲು ಸಾಕಾಗುವಷ್ಟು ಹಿಟ್ಟು ಇತ್ತು, ಅಷ್ಟೇ.

"ನಾ ಕೇಳಿದೆ ಅಕೀನ್ನ" ಎಂದ ಬಸಯ್ಯಜ್ಜ. "ತಂಗಿ, ಏನರೆ ಕೊಡ್ತೀಯೇನು ಅಂದೆ. ಕೊಡೂದಿಲ್ಲ ಅಂದ್ಲು. ಖರೇ ಹೇಳ್ತೇನಿ, ಹಂಗ ಅಂದ್ಲು. ನಂದು ನನಗಷ್ಟ ಐತಿ ಅಂದ್ಲು. ಆಮ್ಯಾಲ ಹೊಟ್ಟಿ ಹಿಡ್ಕೊಂಡು ಬಿದ್ದವರನ್ನ ನೋಡಿ, ಎದ್ದು ಬಂದು, ಕೊಡದಾಗ ನೀರು ತರಸ್ರಿ ಅಂದ್ಲು."

ಅವಳು ಹಿಟ್ಟನ್ನು ಗಟ್ಟಿಯಾಗಿ ಕಲೆಸಿ ಕೊಡಲಿಲ್ಲ. ಗಂಜಿಯಂತೆ ತೆಳ್ಳಗೆ ಮಾಡಿ ಎಲ್ಲರಿಗೂ ಒಂದೊಂದು ಬಟ್ಟಲು ಕುಡಿಸಿದಳು. ಒಮ್ಮೆಗೇ ಅಲ್ಲ, ಪ್ರತಿ ಗುಡ್ಡದ ಬುಡದಲ್ಲಿ ಸ್ವಲ್ಪ ಸ್ವಲ್ಪ. ಬಿಸಿಲಲ್ಲಿ ನಡೆಸದೆ ಗಿಡದ ನೆರಳಲ್ಲಿ ಮಲಗಿಸಿ, ತಂಪು ಹೊತ್ತಿನಲ್ಲಿ ನಡೆಸಬೇಕು ಎಂದು ಬಸಯ್ಯಜ್ಜನಿಗೇ ಹೇಳಿದಳು. ಅವನು ಕೇಳಿದ. ಮರುದಿನ ಅತ್ತಿಯೇ ಬಿದ್ದಳು. ಕಾಲಿನ ಮೀನಖಂಡ ಎರಡೂ ಕಲ್ಲಿನಂತೆ ಸೆಟೆದುಕೊಂಡು, ಹಾದಿಯಲ್ಲಿ ಮಣ್ಣು ಕಚ್ಚಿ ಮಲಗಿಬಿಟ್ಟಳು.

"ಉಪ್ಪು ತಿಂದಿಲ್ಲೇನು ಅಂತ ಕೇಳಿದೆ. ಊರು ಬಿಟ್ಟಾಗಿಂದ ಮುಟ್ಟಿಲ್ಲ ಅಂದ್ಲು. ಊರೂರಾಗೂ ಉಪ್ಪು ಹಾಕದ್ದನ್ನ ಹುಡುಕಿ ಉಂಡಾಳ ಪುಣ್ಯಾತ್ಮಳು. ಬಿಸಲಾಗ ಹೊಲಾ ಕೊಯ್ಯೂ ಆಳು ಮಜ್ಜಿಗ್ಯಾಗ ಉಪ್ಪು ಯಾಕ ಹಾಕ್ಕೊತಾನ ಅಂತ ಅಡಿಗಿಮನ್ಯಾಗ ಕುಂತಾಕಿಗೆ ಹ್ಯಾಂಗ ಗೊತ್ತಾಗಬೇಕು? ನನ್ನ ಹತ್ರ ಹಳೀ ನಿಂಬಿಕಾಯಿ ಉಪ್ಪಿನಕಾಯಿ ಒಂದು ತುಣುಕು ಇತ್ತು. ನೀರಾಗ ಹಿಂಡಿ ಕುಡಿಸಿದೆ. ಮುಖಾ ಕಿವಿಚಿಕೊಂಡು ಕುಡದ್ಲು. ನೆರಳು ಸರಿಯೂದ್ರಾಗ ಕಾಲು ಸಡ್ಲ ಆದ್ವು."

"ಮತ್ತ ಗಂಟು? ಗಂಟು ಯಾರು ಹೊತ್ರಿ?" ಎಂದು ಅಪ್ಪ ಕೇಳಿದ. ಅವನ ದನಿ ಸಣ್ಣದಾಗಿತ್ತು. ಹರಕೆ ನಿಂತಿದ್ದು ಅದರ ಮೇಲೆ.

ಬಸಯ್ಯಜ್ಜ ಆ ಹೊತ್ತು ಮೊದಲ ಬಾರಿಗೆ ನಕ್ಕ. "ನಾನೂ ಕೇಳಿದೆ. ತಂಗಿ, ನಾ ಅಂದ ಆ ಮಾತು ಬಿಡು, ಗಂಟು ಇತ್ತ ತಾ, ನಾ ಹೊರ್ತೇನಿ ಅಂದೆ. ಹೊರಾಕ ಏನೈತ್ರಿ ಅಜ್ಜಾರ, ಅದೆಲ್ಲಾ ನಿಮ್ಮ ಹೊಟ್ಟ್ಯಾಗ ಐತಿ, ಹೊತಗೊಂಡ ಹೊಂಟೀರಿ ಅಂದ್ಲು. ಖಾಲಿ ಚೀಲಾ ಹೆಗಲಿಗೆ ಹಾಕ್ಕೊಂಡು ಎದ್ದು ನಡದ್ಲು. ಗುಡೀ ಮುಂದ ಹೋಗಿ ಆ ಚೀಲಾ ಝಾಡಿಸಿ ಮಲ್ಲಯ್ಯಗ ತೋರಿಸಿದ್ಲು."

ಅತ್ತಿ ಇಷ್ಟು ಹೊತ್ತೂ ಕಟ್ಟೆಯ ಮೇಲೆ ಕೂತು ಕಾಲನ್ನು ಬಿಸಿನೀರಿನ ಪರಾತದಲ್ಲಿ ಇಟ್ಟುಕೊಂಡಿದ್ದಳು. ಮಾತು ನಡೆಯುತ್ತಿರುವುದು ತನ್ನ ಬಗ್ಗೆ ಎಂದು ಅವಳ ಮುಖ ನೋಡಿದರೆ ಅನಿಸುತ್ತಿರಲಿಲ್ಲ. ಅ‌ಪ್ಪ ಬಸಯ್ಯಜ್ಜನನ್ನು ಕೇಳಿದ.

"ಹಂಗಾದ್ರ ಅಜ್ಜಾರ, ಮುಂದಿನ ವರ್ಷ ಅಕ್ಕನ್ನ ಕಳಸಬಹುದೇನ್ರಿ?"

"ನನ್ನ ಯಾಕ ಕೇಳ್ತೀಯೋ? ಅಲ್ಲಿ ಕುಂತಾಳಲ್ಲ, ಅಕೀನ್ನ ಕೇಳು."

ಅಪ್ಪ ಅತ್ತಿಯ ಕಡೆ ತಿರುಗಿದ. ಅವನು ಅವಳಿಗೆ ಹೇಳುವುದನ್ನಷ್ಟೇ ನಾನು ನೋಡಿದ್ದೆ, ಅವಳನ್ನು ಕೇಳುವುದನ್ನು ನೋಡಿರಲಿಲ್ಲ. ಬರೀ "ಅಕ್ಕಾ?" ಎಂದ.

"ಮೊದಲ ಒಂದು ಬಿಸಿ ರೊಟ್ಟಿ ಬಡೀರಿ ಯಾರರೆ" ಎಂದಳು ಅತ್ತಿ. "ಹಿಟ್ಟು ಕುಡುದು ಕುಡುದು ಹಲ್ಲು ಇದಾವೋ ಇಲ್ಲೋ ಮರತೇನಿ."

ಅವ್ವ ಒಳಗೆ ಓಡಿದಳು. ಅವಳ ಹಿಂದೆ ನಾನು ಓಡಿದೆ. ಆದರೆ ಒಲೆಯ ಮುಂದೆ ಆಗಲೇ ಆಯಿ ಕೂತಿದ್ದಳು. ಸೊಸೆ ಬಂದ ಮೇಲೆ ಅವಳು ಒಲೆಯ ಮುಂದೆ ಕೂತದ್ದು ಯಾರಿಗೂ ನೆನಪಿಲ್ಲ. ಜ್ವರ ಬಂದುಹೋದ ಕೈ, ಹಿಟ್ಟು ನಾದುವಾಗ ಉಸಿರು ಹತ್ತುತ್ತಿತ್ತು. ಅವ್ವ ಮುಂದೆ ಹೋದರೆ ಮೊಣಕೈಯಿಂದ ತಳ್ಳಿದಳು. ರೊಟ್ಟಿ ಅಂಚು ಹರಿದಿತ್ತು, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದರ ಮೇಲೆ ಬದನೆಕಾಯಿ ಹಾಕಿ, ಒಂದು ಚಿಟಿಕೆ ಉಪ್ಪನ್ನು ಬದಿಗಿಟ್ಟು ನನ್ನ ಕೈಗೆ ಕೊಟ್ಟಳು. ಒಯ್ದು ಕೊಟ್ಟೆ. ಅತ್ತಿ ರೊಟ್ಟಿಯ ಹರಿದ ಅಂಚನ್ನು ನೋಡಿದ ಕೂಡಲೇ ಅದು ಯಾರ ಕೈಯದು ಎಂದು ತಿಳಿದುಕೊಂಡಳು. ಚೂರೂ ಬಿಡದೆ ಉಂಡಳು, ಉಪ್ಪನ್ನೂ ಉಂಡಳು. ನಾನು ಖಾಲಿ ತಾಟು ಹಿಡಿದು ಒಳಗೆ ಬಂದೆ.

"ಇನ್ನೊಂದು ಬೇಕೇನು ಕೇಳು ಅಕೀನ್ನ" ಎಂದಳು ಆಯಿ, ತವೆಯ ಕಡೆ ನೋಡುತ್ತಲೇ.

ಪಡಸಾಲೆಗೆ ಹೋಗಿ ಕೇಳಿದೆ.

"ಇನ್ನೆರಡು ಅನ್ನು. ಮತ್ತ ಅಕೀಗೆ ಹೇಳು, ಒಲಿ ಉರಿ ಜಾಸ್ತಿ ಆಗೇತಿ, ಇಲ್ಲೀತನಕ ವಾಸನಿ ಬರತೈತಿ."

ಹೇಳಿದೆ. ಆಯಿ ಒಂದು ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು. ಆ ವರ್ಷವೇ ಹೊಳೆಯ ಎರಡೂ ದಂಡೆ ಒಂದೇ ರಾಜ್ಯವಾಯಿತು. ಕಾಕಾ ಮನೆಗೆ ಪೇಢೆ ತಂದು ಎಲ್ಲರ ಬಾಯಿಗೂ ಹಾಕಿದ. ಆಮೇಲೆ ಪ್ರತಿ ವರ್ಷ ಶಿವರಾತ್ರಿ ಕಳೆದ ಕೂಡಲೇ ನಮ್ಮ ಪಡಸಾಲೆಗೆ ಕಂಬಿಯವರು ಬಂದು ಕೂರುತ್ತಿದ್ದರು. ಅತ್ತಿ ಹೋಗುತ್ತಾಳೋ ಇಲ್ಲವೋ ಎಂದು ಅವರಾಗಲಿ ಮನೆಯವರಾಗಲಿ ಮತ್ತೆಂದೂ ಕೇಳಲಿಲ್ಲ. ಯಾವಾಗ ಹೊರಡುತ್ತಾಳೆ ಎಂದಷ್ಟೇ ಕೇಳುತ್ತಿದ್ದರು.